ಕಾಯುವ ಅವಧಿ

“ಇನ್ನು ಮುಂದೆ ನಾನು ಎಲ್ಲೂ, ಯಾರಿಗೂ, ಯಾವ ಕಾರಣಕ್ಕೂ ಕಾಯುವವನಲ್ಲ! ನನ್ನನ್ನೇ ಕಾಯುವವರು ಬೇಕು!”

ಕೊಂಬಯ್ಯನವರು ಈ ಐತಿಹಾಸಿಕ ಘೋಷಣೆಯನ್ನು ಹೊರಡಿಸಿದ್ದು ಅಡುಗೆಮನೆಯ ಮೂಲೆಯಲ್ಲಿ, ಸ್ಟೂಲಿನ ಮೇಲೆ ಕುಳಿತು, ಈರುಳ್ಳಿ ಹೆಚ್ಚುತ್ತ. ಘೋಷಣೆ ಮುಗಿಯುವ ಹೊತ್ತಿಗೆ ಅರ್ಧ ಈರುಳ್ಳಿ ತಟ್ಟೆಯಲ್ಲಿತ್ತು, ಉಳಿದರ್ಧ ಅವರ ತೊಡೆಯ ಮೇಲಿತ್ತು. ತಟ್ಟೆ ಎಲ್ಲಿ ಮುಗಿಯುತ್ತದೆ, ತೊಡೆ ಎಲ್ಲಿ ಶುರುವಾಗುತ್ತದೆ ಎಂಬುದು ಈಚೆಗೆ ಅವರಿಗೆ ಸರಿಯಾಗಿ ಕಾಣುತ್ತಿರಲಿಲ್ಲ. ಹೆಂಡತಿಯೊಡನೆ ಜಗಳ ಇದ್ದದ್ದೂ ಅದರ ಬಗ್ಗೆಯೇ.

ಕೊಂಬಯ್ಯ ಎಂಬುದು ಹೆಸರಲ್ಲ, ಬಿರುದು. ಹಳೆಯ ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವುದು ಅವರ ಕೆಲಸ. ಕೊಂಬಿಲ್ಲದ ಅಕ್ಷರಕ್ಕೆ ಕೊಂಬು ಕೊಡುವುದು, ಸುಮ್ಮಸುಮ್ಮನೆ ಕೊಂಬು ಬಂದ ಅಕ್ಷರದ ಕೊಂಬು ಮುರಿಯುವುದು. ಇಷ್ಟು ವರ್ಷ ಪರರ ಕೊಂಬು ನೋಡಿಕೊಂಡದ್ದರಿಂದ ಅವರಿಗೇ ಎರಡು ಮೂಡಿವೆ ಎಂದು ಸಹೋದ್ಯೋಗಿಗಳ ಅಭಿಪ್ರಾಯ. ಎದುರಿಗೆ ಎಲ್ಲರೂ ‘ಸಾರ್’ ಎನ್ನುತ್ತಾರೆ. ಬೆನ್ನು ತಿರುಗಿಸಿದರೆ ಕೊಂಬಯ್ಯ.

ಅಂಥವರ ಕಣ್ಣು ಕೈಕೊಟ್ಟಿತ್ತು! ಅಕ್ಷರಗಳ ಸುತ್ತ ಮಂಜು ಕವಿಯುತ್ತಿತ್ತು. ಬೀದಿದೀಪಗಳು ಡೇಲಿಯಾ ಹೂವಿನಂತೆ ಅರಳುತ್ತಿದ್ದವು. ಒಂದು ಸಂಜೆ ಆಕಾಶದಲ್ಲಿ ಎರಡು ಚಂದ್ರರು ಕಂಡು, ಒಂದನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ ಪಕ್ಕದಲ್ಲಿ ‘ಪುನರುಕ್ತಿ’ ಎಂದು ಬರೆಯಬೇಕೆನಿಸಿತ್ತು. ಇದನ್ನು ಅವರು ಯಾರಿಗೂ ಹೇಳಿರಲಿಲ್ಲ. ಹೆಂಡತಿಗೆ ಹೇಳಬೇಕಾಗಿರಲಿಲ್ಲ.

“ಮಾತು ಸಾಕು, ಕಣ್ಣು ತೋರಿಸ್ಕೊಳ್ರೀ. ಸರ್ಕಾರಿ ಆಸ್ಪತ್ರೇಲಿ ಎಲ್ಲಾ ಉಚಿತ. ನಮ್ಮಮ್ಮಂಗೆ ಅಲ್ಲೇ ಮಾಡಿಸಿದ್ದಲ್ವಾ? ಈಗ ಹೇಗೆ ಕಾಣುತ್ತೆ ನೋಡಿ!”

“ಅದೇ ತೊಂದರೆ! ನಿಮ್ಮಮ್ಮಂಗೆ ಕಣ್ಣು ಬಂದಾಗಿನಿಂದ ನಮ್ಮನೇಲಿ ಯಾವ ಜೇಡರಬಲೆಗೂ ನೆಮ್ಮದಿ ಇಲ್ಲ. ಹೋದ ಸಲ ಬಂದಾಗ ನನ್ನ ಕಾಲರಿನ ಕೊಳೆ ಬಾಗಿಲಿಂದಲೇ ಕಂಡಿತ್ತು ಅವರಿಗೆ.”

“ಅಲ್ಲಿ ಸ್ವಲ್ಪ ಕಾಯ್ಬೇಕು, ಅಷ್ಟೆ.”

ಈ ‘ಅಷ್ಟೆ’ಯಿಂದಲೇ ಘೋಷಣೆ ಹೊರಟದ್ದು. ಹೆಂಡತಿಗೆ ‘ಅಷ್ಟೆ’ ಎನ್ನುವುದು ಸುಲಭ. ಆಕೆ ವಿದ್ಯುತ್ ಬಿಲ್ಲು ಕಟ್ಟುವ ಕಚೇರಿಯ ಕೌಂಟರಿನಲ್ಲಿ ಕೂರುವವಳು. ಸರತಿಯ ಸಾಲು ಎಂದರೆ ಆಕೆಗೆ ಗಾಜಿನ ಆಚೆಗಿನ ದೃಶ್ಯ. ಕಾಯುವುದು ಜನರ ಕರ್ಮ, ಕಾಯಿಸುವುದು ಆಕೆಯ ಸಂಬಳ!

“ನಾನು ಖಾಸಗಿ ವಿಮೆ ತಗೋತೀನಿ ಕಣೇ. ನೇರ ಹೋಗೋದು, ಮೆತ್ತನೆ ಸೋಫಾ ಮೇಲೆ ಕೂರೋದು, ಮಲಗೋದು, ಎದ್ದು ಬರೋದು.”

“ಯಾರ ಹತ್ರ ತಗೋತೀರಾ? ನನ್ನ ತಮ್ಮನ ಹತ್ರ ತಾನೇ?”

“ಹೂಂ. ಮನೆಯವನು, ನಂಬಿಕಸ್ಥ.”

“ಅವನು ನನ್ನ ತಮ್ಮ ಆಗಿರೋದ್ರಿಂದಲೇ ಹೇಳ್ತಿದೀನಿ. ಮೊದಲು ನೀರಿನ ಫಿಲ್ಟರ್ ಮಾರಿದ, ಈಗಲೂ ಅದರಲ್ಲಿ ಮೀನು ಸಾಕಿದೀವಿ. ಆಮೇಲೆ ಹಾಸಿಗೆ ಮಾರಿದ, ನಿಮ್ಮ ಬೆನ್ನು ಹಿಡ್ಕೊಂಡಿದ್ದು ಯಾವತ್ತಿಂದ ಹೇಳಿ?”

ಕೊಂಬಯ್ಯನವರು ಬೆನ್ನು ನೆಟ್ಟಗೆ ಮಾಡಲು ಹೋಗಿ ‘ಅಯ್ಯೋ’ ಎಂದರು. ಆದರೆ ನಿರ್ಧಾರ ಬದಲಿಸಲಿಲ್ಲ.

ಮರುದಿನ ಭಾವಮೈದುನನೇ ಮುದ್ರಣಾಲಯಕ್ಕೆ ಬಂದ. ಹೊಸ ಉದ್ಯೋಗ, ಹೊಸ ಟೈ. ತನ್ನ ವಿಮೆಯ ಗುಣಗಾನದ ಕರಪತ್ರ ಅಚ್ಚು ಹಾಕಿಸಬೇಕಿತ್ತು.

“ಭಾವ, ನೀವೇ ಒಂದು ಸಲ ನೋಡಿಬಿಡಿ. ನಿಮ್ಮ ಕೈ ತಾಗಿದ್ರೆ ಸಾಕು, ಭಾಷೆ ಎದ್ದು ನಿಲ್ಲುತ್ತೆ.”

ಭಾವನವರು ಉಬ್ಬಿದರು. ಕಾಗದವನ್ನು ಮೂಗಿಗೆ ತಾಗಿಸಿ, ದೂರ ಹಿಡಿದು, ಮತ್ತೆ ಹತ್ತಿರ ತಂದು, ಕಿಟಕಿಯ ಬೆಳಕಿಗೆ ಒಡ್ಡಿ, ಅಂತೂ ಓದಿದರು. ಒಂದು ಕಡೆ ಕೆಂಪು ಪೆನ್ನು ನಿಂತಿತು.

“ಇದೇನಪ್ಪಾ ಇದು? ‘ಕಾಯಬೇಕಾದ ಅವಧಿ: ಎರಡು ವರ್ಷ.’ ‘ಬೇಕಾದ’ ಯಾಕೆ?”

“ಅದು… ಕಂಪನಿಯೋರು ಹಾಗೇ ಹೇಳ್ಕೊಟ್ಟಿದ್ದು ಭಾವ.”

“ಕಂಪನಿಗೆ ಭಾಷೆ ಗೊತ್ತಾ? ‘ಕಾಯಬೇಕಾದ’ ಅಂದ್ರೆ ಏನೋ ತಲೆಗೆ ಬಂದದ್ದು ಅಂತ ಗೊಣಗಿಕೊಂಡು ಕಾಯೋ ಹಾಗಿದೆ. ಮನಸ್ಸಿಲ್ಲದ ಮನಸ್ಸಿಂದ ಕಾಯೋರನ್ನ ಯಾರು ನಂಬ್ತಾರೆ? ‘ಕಾಯುವ ಅವಧಿ’! ನೋಡು, ಎಷ್ಟು ಆತ್ಮೀಯವಾಗಿದೆ! ‘ಬೇಕಾದ’ ಬೇಡ!”

ಸರಕ್ಕನೆ ಒಂದು ಕೆಂಪು ಗೀಟು. ‘ಬೇಕಾದ’ ಹಾರಿಹೋಯಿತು. ಭಾವಮೈದುನ ಮೆಚ್ಚಿ ತಲೆದೂಗಿದ. ಅವನಿಗೆ ಎರಡರ ವ್ಯತ್ಯಾಸವೇ ಗೊತ್ತಾಗಲಿಲ್ಲ. ಕಾಯುವುದೆಂದರೆ ಅವನ ಪಾಲಿಗೆ ಒಂದೇ: ಗಿರಾಕಿ ಬಾಗಿಲು ತೆಗೆಯುವವರೆಗೆ ಹೊರಗೆ ನಿಲ್ಲುವುದು!

“ನಂಗೂ ಒಂದು ಪಾಲಿಸಿ ಮಾಡು,” ಎಂದರು ಕೊಂಬಯ್ಯನವರು ಗತ್ತಿನಿಂದ. “ಆದ್ರೆ ಕಾಯೋ ಅವಧಿ ಎರಡೇ ವರ್ಷಾನಾ? ಜಾಸ್ತಿ ಮಾಡೋಕಾಗಲ್ವಾ?”

ಭಾವಮೈದುನ ಕಣ್ಣರಳಿಸಿದ. “ಜಾಸ್ತೀನಾ? ಭಾವ, ಎಲ್ಲರೂ ಕಡಿಮೆ ಮಾಡು ಅಂತ ಪ್ರಾಣ ತಿಂತಾರೆ!”

“ಎಲ್ಲರೂ ದಡ್ಡರು. ನಂಗೆ ಜಾಸ್ತಿ ಬೇಕು.”

“ಮೂರು ವರ್ಷದ್ದು ಇದೆ. ಅದು ತಗೊಂಡ್ರೆ ಕಂತೂ ಕಡಿಮೆ ಆಗುತ್ತೆ.”

“ಜಾಸ್ತಿ ಕಾಯ್ತೀರಿ, ಕಡಿಮೆ ದುಡ್ಡು ತಗೋತೀರಿ?” ಕೊಂಬಯ್ಯನವರಿಗೆ ಒಂದು ಕ್ಷಣ ಕಂಪನಿಯ ಮೇಲೆ ಕನಿಕರ ಬಂತು. ಹೀಗೆ ಮಾಡಿದರೆ ಪಾಪ, ದಿವಾಳಿಯಾಗುವುದಿಲ್ಲವೇ? “ಮೂರು ವರ್ಷವೇ ಇರಲಿ. ಬರಿ, ಬರಿ!”

“ಕಣ್ಣು, ಕಿವಿ, ಹೃದಯ, ಏನಾದ್ರೂ ತೊಂದರೆ ಇದೆಯಾ ಭಾವ?”

“ಹದ್ದಿನ ಕಣ್ಣಪ್ಪ ನಂದು!” ಎಂದರು ಅವರು, ಭಾವಮೈದುನನ ಪಕ್ಕದ ಕ್ಯಾಲೆಂಡರನ್ನು ದಿಟ್ಟಿಸಿ. ವೈದ್ಯರಿಗೆ ತೋರಿಸದ ಕಾಯಿಲೆ ಕಾಯಿಲೆಯೇ ಅಲ್ಲ ಎಂಬುದು ಅವರ ವ್ಯಾಕರಣ. ಸಹಿ ಹಾಕಿ ಪೆನ್ನನ್ನು ಹಿಂದಕ್ಕೆ ಕೊಟ್ಟರು. ಅದು ಚಹಾದ ಲೋಟದೊಳಗೆ ಮುಳುಗಿತು.

ಆ ಸಂಜೆ ಮನೆಗೆ ಬಂದವರ ನಡಿಗೆಯೇ ಬೇರೆ. “ಕೇಳಿಲ್ಲಿ! ಮೂರು ವರ್ಷ ನನ್ನನ್ನು ಕಾಯೋ ಹಾಗೆ ಕಂಪನೀನೇ ಕಟ್ಟಿಹಾಕಿ ಬಂದೆ! ನಿನ್ನ ತಮ್ಮ ಬೆಪ್ಪಾಗಿ ನೋಡ್ತಿದ್ದ.”

“ನನ್ನ ತಮ್ಮ ಬೆಪ್ಪಾಗಿ ನೋಡಿದ ಅಂದ್ರೆ,” ಎಂದಳು ಹೆಂಡತಿ ರೊಟ್ಟಿ ಮಗುಚುತ್ತ, “ಎದುರಿಗೆ ಅವನಿಗಿಂತ ದೊಡ್ಡೋರು ಯಾರೋ ಕೂತಿದ್ರು ಅಂತ ಅರ್ಥ.”

ಒಂದಷ್ಟು ದಿನ ಎಲ್ಲ ಸರಿಯಾಗಿತ್ತು. ಆಮೇಲೆ ಹಲ್ಲಿನ ಡಾಕ್ಟರು ಬಂದರು. ಗಿರಾಕಿಯಾಗಿಯೇ ಬಂದರು, ತಮ್ಮ ಚಿಕಿತ್ಸಾಲಯದ ದೊಡ್ಡ ಭಿತ್ತಿಪತ್ರ ಅಚ್ಚು ಹಾಕಿಸಲು. ‘ನೋವಿಲ್ಲದೆ ಹಲ್ಲು ಕೀಳುತ್ತೇವೆ’ ಎಂಬುದು ಅವರ ಧ್ಯೇಯವಾಕ್ಯ. ಕೊಂಬಯ್ಯನವರ ಹದ್ದಿನ ಕಣ್ಣನ್ನು ದಾಟಿ ಅದು ಬೀದಿಬೀದಿಯ ಗೋಡೆಗಳ ಮೇಲೆ ಹೀಗೆ ಪ್ರಕಟವಾಯಿತು: ‘ನೀವಿಲ್ಲದೆ ಹಲ್ಲು ಕೀಳುತ್ತೇವೆ!’

ಜನ ನಿಂತು ಓದಿದರು. ನಕ್ಕರು, ಹಲ್ಲು ತೋರಿಸಿಯೇ ನಕ್ಕರು. ಆದರೆ ಡಾಕ್ಟರಿಗೆ ತೋರಿಸಲಿಲ್ಲ. ಡಾಕ್ಟರು ಮುದ್ರಣಾಲಯಕ್ಕೆ ಬಂದಾಗ ಅವರ ಹಲ್ಲು ಕಟಕಟ ಎನ್ನುತ್ತಿತ್ತು.

ಅದರ ಹಿಂದೆಯೇ ಶಾಲೆಯೊಂದರ ಪರಿಚಯಪತ್ರ. ‘ಮಕ್ಕಳನ್ನು ಪ್ರೀತಿಯಿಂದ ತಿದ್ದುತ್ತೇವೆ’ ಎಂಬಲ್ಲಿ ‘ತಿನ್ನುತ್ತೇವೆ’ ಎಂದು ಅಚ್ಚಾಯಿತು. ಮುಖ್ಯೋಪಾಧ್ಯಾಯಿನಿ ಫೋನಿನಲ್ಲಿ ಮುಕ್ಕಾಲು ಗಂಟೆ ಮಾತಾಡಿದರು. ಮುದ್ರಣಾಲಯದ ಯಜಮಾನರು ‘ಹೌದು ಮೇಡಂ’ ಬಿಟ್ಟು ಬೇರೇನೂ ಹೇಳಲಿಲ್ಲ.

ಫೋನಿಟ್ಟು ಅವರು ಕೊಂಬಯ್ಯನವರನ್ನು ಒಳಗೆ ಕರೆದರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

“ನೋಡಿ ಸಾರ್, ಪದಕೋಶದ ಕೆಲಸ ಬಂದಿದೆ.”

ಕೊಂಬಯ್ಯನವರ ಎದೆ ಝಲ್ಲೆಂದಿತು. ಪದಕೋಶ! ಕರಡು ತಿದ್ದುವವನ ಜೀವಮಾನದಲ್ಲಿ ಒಮ್ಮೆ ಬಂದರೆ ಬಂತು. ಬೇರೆಯವರು ಮನೆ ಕಟ್ಟುವ ಕನಸು ಕಾಣುವಾಗ ಅವರು ಕಂಡ ಕನಸು ಇದು: ಅ ಇಂದ ಳ ವರೆಗೆ ಪ್ರತಿಯೊಂದು ಪದವೂ ತಮ್ಮ ಕೈ ದಾಟಿ ಹೋಗಬೇಕು, ಒಂದೂ ಕುಂಟಬಾರದು.

“ನಿಮಗೇ ಕೊಡಬೇಕು ಅಂತ ಆಸೆ. ಆದರೆ ಈ ಕಣ್ಣಲ್ಲಿ ಆಗಲ್ಲ. ಸರಿ ಮಾಡಿಸ್ಕೊಂಡು ಬನ್ನಿ. ಇಲ್ಲದಿದ್ರೆ ಹೊರಗಿನೋರಿಗೆ ಕೊಡ್ತೀನಿ. ಬೇಜಾರು ಮಾಡ್ಕೋಬೇಡಿ.”

ಬೇಜಾರೇ? ಅವರಿಗೆ ಹೊಸ ಹುರುಪು ಬಂತು. ವಿಮೆ ಇದೆಯಲ್ಲ! ಮೂರು ವರ್ಷ ಕಾಯಲೆಂದೇ ಕೂತಿದ್ದಾರಲ್ಲ!

ಖಾಸಗಿ ಆಸ್ಪತ್ರೆಯ ಬಾಗಿಲು ತಾನೇ ತೆರೆದುಕೊಂಡಿತು. ಒಳಗೆ ತಂಪು, ಮೆತ್ತನೆ ಸೋಫಾ, ಗಾಜಿನ ತೊಟ್ಟಿಯಲ್ಲಿ ನಿಜವಾದ ಮೀನು. (“ನೋಡೇ, ಇವರೂ ನಿನ್ನ ತಮ್ಮನ ಹತ್ರ ಫಿಲ್ಟರ್ ತಗೊಂಡಿದಾರೆ,” ಎಂದು ಹೆಂಡತಿಯನ್ನು ತಿವಿದರು.) ವೈದ್ಯರು ಕಣ್ಣಿಗೆ ಹನಿ ಬಿಟ್ಟು, ದೀಪ ಹಿಡಿದು, ನಿಟ್ಟುಸಿರಿಟ್ಟರು.

“ಪೊರೆ. ಎರಡೂ ಕಣ್ಣಲ್ಲಿ. ಬಲಗಣ್ಣಲ್ಲಿ ಚೆನ್ನಾಗಿ ಹಣ್ಣಾಗಿದೆ. ಇಷ್ಟು ದಿನ ಹೇಗೆ ಸುಮ್ಮನಿದ್ರಿ?”

ಪೊರೆ! ಹಳೆಯ ಪದ್ಯಗಳಲ್ಲಿ ‘ಪೊರೆ’ ಎಂದರೆ ಕಾಪಾಡು. ತಮ್ಮನ್ನು ಪೊರೆಯುವವರನ್ನು ಹುಡುಕಿಕೊಂಡು ಹೊರಟವರಿಗೆ ಸಿಕ್ಕಿದ್ದು ಬರಿಯ ಪೊರೆ. ಆದರೂ ಕೊಂಬಯ್ಯನವರು ಧೃತಿಗೆಡಲಿಲ್ಲ. ನೇರ ‘ಕ್ಷೇಮ ವಿಭಾಗ’ ಎಂಬ ಫಲಕದ ಕೆಳಗೆ ಹೋಗಿ ನಿಂತರು.

“ಎಷ್ಟು ಒಳ್ಳೇ ಜನ ನೋಡೇ, ಕ್ಷೇಮ ವಿಚಾರಿಸೋಕೇ ಒಂದು ವಿಭಾಗ ಇಟ್ಟಿದಾರೆ!”

“ಅದು ‘ಕ್ಲೇಮ್ ವಿಭಾಗ’ ರೀ,” ಎಂದಳು ಹೆಂಡತಿ ಮೆಲ್ಲಗೆ. ಆ ಧ್ವನಿಯಲ್ಲಿ ಮೊದಲ ಬಾರಿಗೆ ತಮಾಷೆ ಇರಲಿಲ್ಲ.

ಮೇಜಿನ ಹಿಂದಿನ ಹುಡುಗಿ ಕಂಪ್ಯೂಟರಿನಲ್ಲಿ ನೋಡಿ, ಇನ್ನೊಮ್ಮೆ ನೋಡಿ, ಮುಗುಳ್ನಕ್ಕಳು. ಕೆಟ್ಟ ಸುದ್ದಿಗೆಂದೇ ಅಭ್ಯಾಸ ಮಾಡಿಸಿದ ನಗು.

“ಸಾರಿ ಸರ್, ಕಣ್ಣಿನ ಪೊರೆಗೆ ನಿಮ್ಮ ಪಾಲಿಸೀಲಿ ಕಾಯುವ ಅವಧಿ ಮೂರು ವರ್ಷ ಇದೆ.”

“ಗೊತ್ತಮ್ಮ! ನಾನೇ ಕೇಳಿ ಹಾಕಿಸಿದ್ದು. ಕಾಯಿರಿ ಮತ್ತೆ!”

“ನಾವಲ್ಲ ಸರ್. ನೀವು.”

“ನಾನು? ನಾನು ಯಾರನ್ನಮ್ಮ ಕಾಯಲಿ?”

“ಯಾರನ್ನೂ ಅಲ್ಲ ಸರ್. ಸುಮ್ನೆ ಕಾಯೋದು. ಮೂರು ವರ್ಷ ಆದ್ಮೇಲೆ ಬನ್ನಿ.”

ಕೊಂಬಯ್ಯನವರು ಮೇಜಿನ ಅಂಚು ಹಿಡಿದುಕೊಂಡರು. ಒಂದೇ ಕ್ರಿಯಾಪದ! ಯಾವುದನ್ನು ಕೋಟೆ ಎಂದು ತಿಳಿದು ಅದರೊಳಗೆ ಬೆಚ್ಚಗೆ ಮಲಗಿದ್ದರೋ ಅದು ಬಸ್ ನಿಲ್ದಾಣವಾಗಿತ್ತು! ಅದರಲ್ಲೂ ಎರಡು ವರ್ಷಕ್ಕೆ ಬರುವ ಬಸ್ಸನ್ನು ಬೇಡ ಬೇಡ ಎಂದು ಕಳಿಸಿ, ಮೂರು ವರ್ಷಕ್ಕೆ ಬರುವುದನ್ನು ಅವರೇ ಆರಿಸಿಕೊಂಡಿದ್ದರು. ಕಂಪನಿ ದಿವಾಳಿಯಾಗುತ್ತದೆಂದು ಕನಿಕರ ಬೇರೆ!

“ಇಲ್ಲಮ್ಮ, ಏನೋ ತಪ್ಪಾಗಿದೆ, ನಾನು ಭಾಷೆ ಬಲ್ಲವನು…”

“ಪ್ರೂಫ್ ಏನಾದ್ರೂ ಇದೆಯಾ ಸರ್?”

ಇಡೀ ಜೀವಮಾನ ಪ್ರೂಫು ತಿದ್ದಿದವರ ಬಳಿ ಒಂದೇ ಒಂದು ಪ್ರೂಫೂ ಇರಲಿಲ್ಲ.

ಹೊರಗೆ ಬಂದವರೇ ಭಾವಮೈದುನನಿಗೆ ಫೋನು ಮಾಡಿ ಕೂಗಾಡಿದರು. ಆತ ನೊಂದುಕೊಂಡ.

“ಭಾವ, ನಾನು ‘ಕಾಯಬೇಕಾದ’ ಅಂತಲೇ ಬರೆದಿದ್ದೆ. ‘ಬೇಕಾದ’ ಬೇಡ ಅಂದೋರು ಯಾರು?”

ಕೊಂಬಯ್ಯನವರು ಫೋನನ್ನು ಬಲಗಿವಿಯಿಂದ ಎಡಗಿವಿಗೆ ಬದಲಿಸಿದರು.

“ನೀವು ಮೂರು ವರ್ಷ ಕೇಳ್ದಾಗ, ಇವರು ಗುಂಡುಕಲ್ಲಿನ ಹಾಗಿದಾರೆ, ಕಂತು ಉಳಿಸ್ತಿದಾರೆ ಅಂದ್ಕೊಂಡೆ. ಹದ್ದಿನ ಕಣ್ಣು ಅಂದ್ರಲ್ಲ ಭಾವ?”

ಫೋನು ಮತ್ತೆ ಬಲಗಿವಿಗೆ ಬಂತು.

“ಆದ್ರೆ ಒಂದು ಸಂತೋಷದ ಸುದ್ದಿ! ನೀವು ತಿದ್ದಿಕೊಟ್ಟ ಕರಪತ್ರ ಏನು ಓಡ್ತಿದೆ ಅಂತೀರಾ! ಬಂದೋರೆಲ್ಲ ‘ಮೂರು ವರ್ಷ ಕಾಯೋದೇ ಕೊಡಿ’ ಅಂತ ಕೇಳಿ ಕೇಳಿ ತಗೊಳ್ತಿದಾರೆ. ಕಂಪನಿಯೋರು ನಂಗೆ ಸನ್ಮಾನ ಮಾಡ್ತಾರಂತೆ. ನೀವೂ ಬರಬೇಕು.”

ಕೊಂಬಯ್ಯನವರು ಫೋನನ್ನು ಹೆಂಡತಿಯ ಕೈಗೆ ಕೊಟ್ಟು ಪಾದಚಾರಿ ಮಾರ್ಗದ ಕಟ್ಟೆಯ ಮೇಲೆ ಕುಳಿತರು. ಎದುರಿನ ಸಿಗ್ನಲ್ಲಿನ ಕೆಂಪು ಹಸಿರು ದೀಪಗಳು ಒಂದರೊಳಗೊಂದು ಕರಗುತ್ತಿದ್ದವು. ಪದಕೋಶ ಹೋಯಿತು. ಆಮೇಲೆ ಕೆಲಸ ಹೋಗುತ್ತದೆ. ಆಮೇಲೆ ಹೆಂಡತಿಯ ಮುಖ. ಅದನ್ನು ಮಾತ್ರ ನೆನಪಿನಿಂದಲೇ ಓದಿಕೊಳ್ಳಬಹುದು, ಅದರಲ್ಲಿ ಒಂದೂ ತಪ್ಪಿಲ್ಲ.

ಆಕೆ ಪಕ್ಕದಲ್ಲಿ ಬಂದು ಕುಳಿತಳು. ಒಂದು ಮಾತೂ ಬೈಯಲಿಲ್ಲ. ಅದು ಅವರನ್ನು ಇನ್ನೂ ಹೆದರಿಸಿತು.

“ಬೈಯೇ,” ಎಂದರು.

“ಆಮೇಲೆ ಬೈತೀನಿ. ಈಗ ಲೆಕ್ಕ ಹಾಕೋಣ. ಬಲಗಣ್ಣು ಸರ್ಕಾರಕ್ಕೆ. ನಾಳೇನೇ ಹೋಗೋಣ. ಎಡಗಣ್ಣು ನನ್ನ ತಮ್ಮನಿಗೆ. ಅದು ಇನ್ನೂ ಎಳೇದಿದೆಯಂತಲ್ಲ, ಮೂರು ವರ್ಷ ಕಾಯ್ಲಿ.”

“ಒಂದು ಕಣ್ಣು ಸರ್ಕಾರಿ, ಒಂದು ಕಣ್ಣು ಖಾಸಗೀನಾ? ಎರಡೂ ಒಂದೇ ಕಡೆ ನೋಡುತ್ವಾ?”

“ನೀವು ಬೇಕಾದ ಕಡೆ ಯಾವತ್ತು ನೋಡಿದೀರಾ?”

“ಪಾಲಿಸಿ ಬಿಟ್ಟುಬಿಡೋಣ ಕಣೇ. ಮೋಸ ಅದು.”

“ಮೋಸ ಏನಿಲ್ಲ. ಕಾಯಿಲೆ ಬರೋಕ್ಮುಂಚೆ ತಗೊಂಡಿದ್ರೆ ಕೆಲಸಕ್ಕೆ ಬರ್ತಿತ್ತು. ನೀವು ಮನೆಗೆ ಬೆಂಕಿ ಬಿದ್ಮೇಲೆ ಬಾವಿ ಎಷ್ಟು ಆಳ ಬೇಕು ಅಂತ ಚೌಕಾಸಿ ಮಾಡಿದ್ರಿ. ನಾಳೆ ಜಾರಿ ಬಿದ್ದು ಕಾಲು ಮುರಿದ್ರೆ ಅದಕ್ಕೆ ಕಾಯೋದೇನೂ ಇಲ್ಲವಂತೆ, ತಮ್ಮನ್ನ ಕೇಳ್ದೆ. ಈ ಕಣ್ಣಲ್ಲಿ ಓಡಾಡ್ತಿದ್ರೆ ಅದು ಬೇಗ ಉಪಯೋಗಕ್ಕೆ ಬರುತ್ತೆ ಬಿಡಿ.”

ಸರ್ಕಾರಿ ಆಸ್ಪತ್ರೆಯ ಕಣ್ಣಿನ ವಿಭಾಗದಲ್ಲಿ ಸೋಫಾ ಇರಲಿಲ್ಲ, ಮೀನಿರಲಿಲ್ಲ, ಜನ ಇದ್ದರು. ಡಾಕ್ಟರಮ್ಮ ಕಣ್ಣು ನೋಡಿ, ಹಿಂದಿನ ಡಾಕ್ಟರು ಹೇಳಿದ್ದನ್ನೇ ಒಂದೂ ಅಕ್ಷರ ಬದಲಿಸದೆ ಹೇಳಿದರು.

“ಮಾಡೋಣ, ಚೆನ್ನಾಗೇ ಆಗುತ್ತೆ. ಆದ್ರೆ ದಿನ ಸಿಗೋದು ಬೇಸಿಗೆಗೆ. ಮೊದಲೇ ಬಂದಿದ್ರೆ ಈಗಾಗ್ಲೇ ಆಗಿಹೋಗ್ತಿತ್ತಲ್ಲ ಯಜಮಾನ್ರೇ, ಯಾಕೆ ಕಾದ್ರಿ?”

‘ಕಾದ್ರಿ’ ಎಂಬ ಮಾತು ಕೇಳಿ ಕೊಂಬಯ್ಯನವರು ಬೆಚ್ಚಿದರು. ಉತ್ತರ ಹೇಳಿದ್ದು ಹೆಂಡತಿ: “ಕಾಯಬಾರದು ಅಂತ ಕಾದ್ರು ಡಾಕ್ಟ್ರೇ.”

ಬೇಸಿಗೆ ಎಂದು ಕೇಳಿ ಮುದ್ರಣಾಲಯದ ಯಜಮಾನರು ಗಲ್ಲ ಕೆರೆದುಕೊಂಡರು. ಪದಕೋಶ ಅಷ್ಟು ದಿನ ನಿಲ್ಲುವಂತಿರಲಿಲ್ಲ. ಕೊನೆಗೆ ಅವರೇ ಒಂದು ದಾರಿ ಹುಡುಕಿದರು. ಅ ಇಂದ ಔ ವರೆಗೆ ಹೊರಗಿನವರೊಬ್ಬರು ನೋಡುತ್ತಾರೆ. ‘ಕ’ ಬರುವ ಹೊತ್ತಿಗೆ ಕಣ್ಣು ಬಂದರೆ ಅಲ್ಲಿಂದ ಮುಂದೆ ಕೊಂಬಯ್ಯನವರದು. ಬರದಿದ್ದರೆ ಇಲ್ಲ.

ಅಂದರೆ ಸ್ವರಗಳೆಲ್ಲ ಹೋದವು. ಕೊಂಬು, ದೀರ್ಘ, ಏತ್ವಗಳಿಗಾಗಿ ಬದುಕು ತೇದವರಿಗೆ ಸ್ವರವೇ ಇಲ್ಲ! ಅಂದಿನಿಂದ ಅವರು ಮನೆಯಲ್ಲಿಯೂ ಮಾತು ಕಡಿಮೆ ಮಾಡಿದರು. ‘ಕ’ಕಾರ ಬರುವ ಮೊದಲು ಬೇಸಿಗೆ ಬರಲಿ ಎಂಬುದೊಂದೇ ಹಂಬಲ. ‘ಇ’ ಮುಗಿಯಿತಂತೆ, ‘ಉ’ ಅರ್ಧವಾಯಿತಂತೆ ಎಂದು ಸುದ್ದಿ ಬಂದಾಗಲೆಲ್ಲ ಅವರು ಬೇಸಿಗೆಗೆ ಉಳಿದ ದಿನಗಳನ್ನು ಬೆರಳು ಮಡಿಸಿ ಎಣಿಸುತ್ತಿದ್ದರು.

ಅಂತೂ ಆ ದಿನ ಬಂತು. ‘ಓ’ ನಡೆಯುತ್ತಿತ್ತು. ಆಸ್ಪತ್ರೆಯ ಹಜಾರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಗಂಡ ಹೆಂಡತಿ ಬೆಂಚಿನ ತುದಿಯಲ್ಲಿ ಮುದುರಿ ಕುಳಿತರು. ಪಕ್ಕದಲ್ಲಿ ನಿವೃತ್ತ ಬಸ್ ಕಂಡಕ್ಟರೊಬ್ಬರು, ಇಡೀ ಹಜಾರವೇ ಬಸ್ಸೆಂಬ ಧ್ವನಿಯಲ್ಲಿ, ಅಳಲು ತೋಡಿಕೊಳ್ಳುತ್ತಿದ್ದರು.

“ನೋಡ್ರೀ ಇದನ್ನ! ‘ಕಾಯುವ ಅವಧಿ’ ಅಂತ ಅಚ್ಚು ಹಾಕ್ಸಿದಾರೆ! ನಮ್ಮನ್ನ ಕಾಯ್ತಾರೆ ಅಂತ ತಿಳ್ಕೊಂಡು, ಎರಡು ಬೇಡ ಮೂರು ಮಾಡಿ ಅಂತ ಕೈಮುಗಿದು ಕೇಳ್ದೆ ಕಣ್ರೀ!”

“ಅಯ್ಯೋ, ನಾನೂ!” ಎಂದಿತು ಎದುರಿನ ಬೆಂಚು.

“ನಮ್ಮನೇಲಿ ಅತ್ತೆ, ಮಾವ, ನಾನು, ಮೂವರಿಗೂ ಮಾಡ್ಸಿದೀವಿ!” ಎಂದಿತು ಕಂಬದ ಬಳಿಯ ಧ್ವನಿ.

ನೋಡುನೋಡುತ್ತಿದ್ದಂತೆ ಹಜಾರದ ಅಲ್ಲಲ್ಲಿ ಭಾವಮೈದುನನ ಆ ಕರಪತ್ರದ ಹಳದಿ ಪ್ರತಿಗಳು ಮೇಲೆದ್ದವು. ಆ ಹಳದಿಯೊಂದು ಮಾತ್ರ ಕೊಂಬಯ್ಯನವರಿಗೆ ಸ್ಪಷ್ಟವಾಗಿ ಕಂಡಿತು.

“ಇದನ್ನ ಬರೆದೋನು ಸಿಗ್ಬೇಕು ನಂಗೆ!” ಕಂಡಕ್ಟರು ಗುಡುಗಿದರು. “ಅವನ ಕಣ್ಣಿಗೇನು ಪೊರೆ ಬಂದಿತ್ತಾ?”

ಅದೇ ಹೊತ್ತಿಗೆ ಸರಿಯಾಗಿ ಬಾಗಿಲು ತೆರೆದು ನರ್ಸಮ್ಮ ಕೂಗಿದರು. “ಕರಡು ತಿದ್ದೋರು ಯಾರ್ರೀ ಇಲ್ಲಿ? ಮುದ್ರಣಾಲಯದೋರು? ಬೇಗ ಬನ್ನಿ, ನಿಮ್ಮದೇ ಸರದಿ!”

ಹಳದಿ ಕರಪತ್ರಗಳೆಲ್ಲ ಬಾಗಿಲಿನ ಕಡೆ ತಿರುಗಿದವು. ಕಂಡಕ್ಟರು ಕುತ್ತಿಗೆ ಉದ್ದ ಮಾಡಿ ಸುತ್ತ ನೋಡತೊಡಗಿದರು. ಹೆಂಡತಿ ಮೊಣಕೈಯಿಂದ ತಿವಿದಳು. “ಏಳ್ರೀ! ನಿಮ್ಮನ್ನೇ ಕರೀತಿರೋದು.”

ಎಲ್ಲೂ, ಯಾರಿಗೂ, ಯಾವ ಕಾರಣಕ್ಕೂ ಕಾಯದ ಕೊಂಬಯ್ಯನವರು ಹೆಂಡತಿಯ ಸೆರಗಿನ ಹಿಂದೆ ಮುಖ ಮರೆಮಾಡಿಕೊಂಡು, ಉಳಿದಿದ್ದ ಒಂದಿಷ್ಟು ಸ್ವರದಲ್ಲಿ ಪಿಸುಗುಟ್ಟಿದರು:

“ಬೇರೆಯೋರು ಹೋಗ್ಲಿ ಕಣೇ ಮೊದಲು. ನಾನು… ನಾನು ಕಾಯ್ತೀನಿ.”

“ಯಾವ ಅರ್ಥದಲ್ಲಿ?” ಎಂದಳು ಹೆಂಡತಿ.